ಕರೆಯವ್ವನ ಸೊಸೆ

ಸಂಬಂಧದ ಹೆಸರಿಲ್ಲದವರ ದನಿ ಕೇಳಿಸದ ಊರೊಂದಿತ್ತು. ಅಲ್ಲಿ ನೀವು ಯಾರಿಗಾದರೂ ಅಣ್ಣನಾಗಿರಬೇಕು, ಅತ್ತಿಗೆಯಾಗಿರಬೇಕು, ಮೊಮ್ಮಗಳಾಗಿರಬೇಕು, ಕಡೆಗೆ ದೂರದ ಷಡ್ಡಕನಾದರೂ ಆಗಿರಬೇಕು. ಆಗ ಮಾತ್ರ ನಿಮ್ಮ ಮಾತು ಊರಿನ ಕಿವಿಗೆ ಬೀಳುತ್ತಿತ್ತು. ಇಲ್ಲದಿದ್ದರೆ ಬೀದಿಯ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದರೂ ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು, ಅಷ್ಟೇ. ಸಂತೆಗೆ ಬಂದ ಪರವೂರಿನವರು ಬೆರಳೆತ್ತಿ ಬೆಲೆ ಹೇಳಿ, ತಲೆಯಾಡಿಸಿ ವ್ಯಾಪಾರ ಮುಗಿಸಿ, ಹೊತ್ತು ಮುಳುಗುವ ಮೊದಲೇ ಹೊರಟುಬಿಡುತ್ತಿದ್ದರು. ಕೇಳದ ಕಿವಿಗಳ ನಡುವೆ ಹೆಚ್ಚು ಹೊತ್ತು ಇರಲು ಯಾರಿಗೆ ತಾನೇ ಮನಸ್ಸಾದೀತು?

ಊರ ಬಾಗಿಲ ಬಳಿ ಒಂದು ಕಲ್ಲು. ಅದಕ್ಕೆ ಕರೆಗಲ್ಲು ಎಂದು ಹೆಸರು. ಮಗು ಹುಟ್ಟಿದರೆ, ಸೊಸೆ ಬಂದರೆ, ಮನೆಯಳಿಯ ಬಂದರೆ, ಸುಗ್ಗಿ ಮುಗಿದ ಮೇಲಿನ ಮೊದಲ ಹುಣ್ಣಿಮೆಯ ಬೆಳಗ್ಗೆ ಅವರನ್ನು ಆ ಕಲ್ಲಿನ ಮುಂದೆ ನಿಲ್ಲಿಸುತ್ತಿದ್ದರು. ಕಲ್ಲಿನ ಮೇಲೆ ಒಬ್ಬ ಹೆಂಗಸು ನಿಂತು, ಹುಟ್ಟುವ ಸೂರ್ಯನಿಗೆ ಮುಖ ಮಾಡಿ ಕರೆಯುತ್ತಿದ್ದಳು: "ಈ ಊರಿನ ಸೊಸೆಯೇ, ಬಾ." ಬಂದವಳು "ಓ" ಎನ್ನುತ್ತಿದ್ದಳು. ನೆರೆದ ಊರು ಒಂದೇ ದನಿಯಲ್ಲಿ "ಬಂದಳು, ನಮ್ಮವಳು" ಎನ್ನುತ್ತಿತ್ತು. ಅಲ್ಲಿಂದಾಚೆ ಅವಳ ಪಿಸುಮಾತೂ ಊರಿಗೆ ಕೇಳುತ್ತಿತ್ತು. ಕೆಲವು ಸಲ ಬೇಡವೆಂದರೂ ಕೇಳುತ್ತಿತ್ತು.

ಮನೆಯವರು ತಾವಾಗಿ ಕರೆದರೆ ಕರೆದವರಿಗಷ್ಟೇ ಕೇಳುತ್ತಿತ್ತು. ಕಲ್ಲಿನ ಮೇಲಿಂದ ಕರೆದರೆ ಊರಿಗೆಲ್ಲ. ಹುಣ್ಣಿಮೆ ಕಳೆದರೂ ಕರೆಸಿಕೊಳ್ಳದೆ ಉಳಿದವರು ಊರು ಬಿಡಬೇಕು. ಇದು ಕಟ್ಟಳೆ.

ಕಲ್ಲಿನ ಮೇಲೆ ನಿಂತು ಕರೆಯುವ ಹೆಂಗಸನ್ನು ಊರು ಕರೆಯವ್ವ ಎನ್ನುತ್ತಿತ್ತು. ಆ ಕಾಲಕ್ಕೆ ಕರೆಯವ್ವನಾಗಿದ್ದವಳು ತನ್ನ ಅತ್ತೆಯಿಂದ ಆ ಕೆಲಸ ಪಡೆದವಳು. ತುಂಬು ಮೈ, ತುಂಬು ದನಿ. ಊರಿನ ಅರ್ಧದಷ್ಟು ಸೊಸೆಯಂದಿರನ್ನು ಅವಳೇ ಕರೆದಿದ್ದಳು. ತಾನು ಕರೆದ ಮಕ್ಕಳು ಬೀದಿಯಲ್ಲಿ ಕಿರುಚಾಡುತ್ತ ಓಡಿದರೆ, "ಇವುಗಳ ಬಾಯಿ ತೆರೆಸಿದ್ದು ನಾನೇ, ಈಗ ಮುಚ್ಚಿಸೋಕೆ ಆಗ್ತಿಲ್ಲ" ಎಂದು ನಗುತ್ತಿದ್ದಳು. ಅವಳ ಗಂಡ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದವನು, ಊರಿಗೆಲ್ಲ ಓದಿಸುವ ಅಯ್ಯ. ಅವರಿಗೊಬ್ಬನೇ ಮಗ.

ಮಗ ಕಂಬಳಿ ವ್ಯಾಪಾರಕ್ಕೆಂದು ಕಡಲ ದಡದ ಪಟ್ಟಣಕ್ಕೆ ಹೋದವನು ಒಂದು ಮಳೆಗಾಲ ಅಲ್ಲಿಯೇ ಕಳೆದು, ಮುಂದಿನ ಮಳೆ ಶುರುವಾಗುವ ಹೊತ್ತಿಗೆ ಹಿಂದಿರುಗಿದ. ಜೊತೆಯಲ್ಲಿ ಒಬ್ಬಳಿದ್ದಳು.

ಆ ಊರಿನವರೆಲ್ಲ ಗೋಧಿ ಬಣ್ಣದವರು, ನೆಟ್ಟನೆ ಕೂದಲಿನವರು. ಸೊಸೆಯಂದಿರು ಬರುತ್ತಿದ್ದುದು ಸುತ್ತಲಿನ ಹಳ್ಳಿಗಳಿಂದ, ಅಲ್ಲಿಯೂ ಅದೇ ಬಣ್ಣ, ಅದೇ ಕೂದಲು. ಬಾಗಿಲಲ್ಲಿ ನಿಂತವಳು ಒರೆಗಲ್ಲಿನಷ್ಟು ಕಪ್ಪಗಿದ್ದಳು, ಹಾಗೆಯೇ ಹೊಳೆಯುತ್ತಿದ್ದಳು. ಮಗನಿಗಿಂತ ಒಂದು ಹಿಡಿ ಎತ್ತರ. ಕೂದಲು ಬಿಗಿಯಾದ ಸುರುಳಿ ಸುರುಳಿಯಾಗಿ ತಲೆಯ ಸುತ್ತ ನಿಂತಿತ್ತು.

"ಅವ್ವ, ಇವಳು ತೆಂಬೆಕಾ," ಎಂದ ಮಗ. "ಕಡಲಾಚೆಯವಳು. ಹಡಗಿನ ಹಾಯಿ ಹೊಲಿಯುವವರ ಮಗಳು. ನನ್ನ ಹೆಂಡತಿ."

ಹುಡುಗಿ ನಕ್ಕು ಏನೋ ಹೇಳಿದಳು. ತುಟಿ ಅಲುಗಿತು. ಬಳೆ ಸದ್ದು ಮಾಡಿತು. ದನಿ ಬರಲಿಲ್ಲ. ಮಗ ಅವಳನ್ನು ಹೆಂಡತಿ ಎಂದು ಕರೆದಿದ್ದ, ಅವನಿಗೆ ಕೇಳುತ್ತಿತ್ತು. ತಂದೆತಾಯಿ ಏನೂ ಕರೆದಿರಲಿಲ್ಲ. ಹೆಸರಿತ್ತು, ನಿಜ. ಆದರೆ ಆ ಊರಿನಲ್ಲಿ ಹೆಸರಿಗೆ ಬೆಲೆಯಿರಲಿಲ್ಲ, ಸಂಬಂಧಕ್ಕೆ ಬೆಲೆ.

ಓದಿಸುವ ಅಯ್ಯ ಎದ್ದು ಒಳಗೆ ಹೋದ. ಕರೆಯವ್ವ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಬಾ ಎಂದೂ ಅನ್ನಲಿಲ್ಲ. ಊರಿಗೆಲ್ಲ ಬಾ ಎಂದ ನಾಲಿಗೆ ಅಂದು ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಹುಡುಗಿ ಅವಳ ಕಾಲು ಮುಟ್ಟಿ, ತಾನೇ ಒಳಗೆ ಬಂದಳು.

ಮಳೆಗಾಲ ಪೂರ್ತಿ ಆ ಮನೆಯಲ್ಲಿ ಆಕೆಯ ಬಳೆಯ ಸದ್ದಿತ್ತು, ದನಿಯಿರಲಿಲ್ಲ. ಬೆಳಗ್ಗೆ ಬಳೆಯ ಸದ್ದು ಅಂಗಳ ಗುಡಿಸುತ್ತಿತ್ತು. ಮಧ್ಯಾಹ್ನ ಬಳೆಯ ಸದ್ದು ರಾಗಿ ಬೀಸುತ್ತಿತ್ತು. ಸಂಜೆ ಬಳೆಯ ಸದ್ದು ಸೊಡರಿನ ಬತ್ತಿ ಹೊಸೆಯುತ್ತಿತ್ತು. ಕೇಳಿಸುವುದಿಲ್ಲವೆಂದು ಆಕೆ ಸುಮ್ಮನಿರಲಿಲ್ಲ. ಕೆಲಸ ಮಾಡುತ್ತ ಇಡೀ ದಿನ ಅತ್ತೆಯ ಜೊತೆ ಮಾತಾಡುತ್ತಿದ್ದಳು. ಹುಬ್ಬೇರಿಸಿ, ಕೈ ಬೀಸಿ, ನಡುನಡುವೆ ತನ್ನ ಮಾತಿಗೆ ತಾನೇ ನಗುತ್ತ. ಕರೆಯವ್ವ ಆ ಬಾಯಿಯನ್ನೇ ನೋಡುತ್ತ ಕುಳಿತುಬಿಡುತ್ತಿದ್ದಳು. ಒಲೆಯ ಮೇಲಿನ ಸಾರು ಬತ್ತಿಹೋಗುತ್ತಿತ್ತು.

ಒಂದು ದಿನ ಬಾವಿಯ ಬಳಿ ಹೂವಾಡಗಿತ್ತಿ, ಊರಿಗೆಲ್ಲ ಹೂ ಕಟ್ಟಿ ಕೊಡುವ ಹೆಂಗಸು, ತನ್ನ ಬೆರಳನ್ನು ನೀರಿಗದ್ದಿ ಹುಡುಗಿಯ ತೋಳನ್ನು ಉಜ್ಜಿದಳು. ಬೆರಳು ನೋಡಿಕೊಂಡಳು. "ಹೋಗಲ್ಲ ಕಣ್ರೇ, ಗಟ್ಟಿ ಬಣ್ಣ," ಎಂದಳು. ಹೆಂಗಸರು ಕಿಸಕ್ಕೆಂದರು. ಕರೆಯವ್ವನ ಕೈಯಲ್ಲಿ ಕೊಡವಿತ್ತು. ಅವಳು ಕೊಡವನ್ನೇ ನೋಡಿದಳು. ಹುಡುಗಿ ಮಾತ್ರ ತಡಮಾಡಲಿಲ್ಲ. ತಾನೂ ಬೆರಳನ್ನು ನೀರಿಗದ್ದಿದಳು. ಹೂವಾಡಗಿತ್ತಿಯ ಕೆನ್ನೆಯನ್ನು ಚೆನ್ನಾಗಿ ಉಜ್ಜಿದಳು, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದಳು, ನಿನ್ನದೂ ಹೋಗುವುದಿಲ್ಲವಲ್ಲ ಎಂಬಂತೆ ಭುಜ ಹಾರಿಸಿ ಕೊಡ ಎತ್ತಿಕೊಂಡು ನಡೆದಳು. ಕಿಸಕ್ಕೆಂದವರ ಬಾಯಿ ಹಾಗೆಯೇ ನಿಂತಿತು.

ದಾರಿಯುದ್ದಕ್ಕೂ ಕರೆಯವ್ವನಿಗೆ ನಗು ಬರುತ್ತಿತ್ತು, ಜೊತೆಗೆ ನಾಚಿಕೆಯೂ ಆಗುತ್ತಿತ್ತು. ನಗು ಅವಳದು, ನಾಚಿಕೆ ನನ್ನದು ಎಂದುಕೊಂಡಳು.

ಆ ಸಂಜೆ ಊಟಕ್ಕೆ ಕುಳಿತಾಗ ಹುಡುಗಿ ಗೋಡೆಯ ಕಡೆ ಬೆರಳು ತೋರಿಸಿ ಏನೋ ಹೇಳಿದಳು. ಮಗನಿಗೆ ನಗು ತಡೆಯಲಾಗಲಿಲ್ಲ. ತುತ್ತು ನೆತ್ತಿಗೆ ಹತ್ತಿ ಕೆಮ್ಮಿದ, ಕೆಮ್ಮುತ್ತಲೇ ನಕ್ಕ.

"ಏನೆಂದಳೋ?" ಎಂದಳು ಕರೆಯವ್ವ.

"ನಾನು ಹೇಳಿದರೆ ಕೆಟ್ಟುಹೋಗುತ್ತೆ ಅವ್ವ. ಅದನ್ನ ಅವಳ ಬಾಯಲ್ಲೇ ಕೇಳಬೇಕು."

"ನನಗೆ ಕೇಳಲ್ಲವಲ್ಲೋ."

"ಕೇಳೋದು ಬಿಡೋದು ನಿನ್ನ ನಾಲಿಗೆ ಮೇಲಿದೆ," ಎಂದು ಮಗ ಮತ್ತೆ ತಟ್ಟೆಗೆ ಬಾಗಿದ. ಓದಿಸುವ ಅಯ್ಯ ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ಕರೆಯವ್ವನಿಗೆ ಆ ನಗುವಿನ ಗೀಳು ಹತ್ತಿತು. ತನ್ನ ಮನೆಯಲ್ಲಿ, ತನ್ನ ಒಲೆಯ ಮುಂದೆ, ತಾನು ಬಡಿಸಿದ ಊಟದ ನಡುವೆ ಒಂದು ನಗೆಮಾತು ಹುಟ್ಟಿ ತನಗೆ ಸಿಗದೆ ಹೋಯಿತಲ್ಲ! ಮರುದಿನ ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಅವಳು "ಸೊಸೆ" ಎಂದು ಮೆಲ್ಲಗೆ ಅಂದು ನೋಡಿದಳು. ಉಪ್ಪು ಸರಿಯಿದೆಯೇ ಎಂದು ನಾಲಿಗೆಗೆ ತಾಗಿಸಿ ನೋಡುವ ಹಾಗೆ. ಹಿತ್ತಲಿನಿಂದ ಬಂದ ಹುಡುಗಿಯ ತುಟಿ ಅಲುಗಿತು, ದನಿ ಬರಲಿಲ್ಲ. "ಏ ಹುಡುಗಿ" ಎಂದಳು. ಬರಲಿಲ್ಲ. ಅವಳಿಗೆ ಗೊತ್ತಿತ್ತು, ಅತ್ತೆ ಹೇಳಿಕೊಟ್ಟಿದ್ದಳು: ರುಚಿ ನೋಡಲು ಅಂದ ಮಾತು ಕರೆಯಲ್ಲ. ಕರೆದ ಮೇಲೆ ಹಿಂದೆಗೆಯಲು ಆಗದಂಥದ್ದು ಮಾತ್ರ ಕರೆ.

ಮಳೆ ನಿಂತು ಹೊಲಗಳು ಬಣ್ಣ ತಿರುಗಿದವು. ಒಂದು ಬೆಳಗ್ಗೆ ಕರೆಯವ್ವ ರೊಟ್ಟಿಗೆ ಹಿಟ್ಟು ತಟ್ಟುತ್ತಿದ್ದಳು. ಹುಡುಗಿ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಎಂದಿನಂತೆ ಬಾಯಾಡಿಸುತ್ತಿದ್ದಳು. ಮಾತಿನ ಭರದಲ್ಲಿ, ಕೆಂಪಗೆ ಕಾದ ಹೆಂಚನ್ನು ಸರಿಸಲು ಬರಿಗೈ ಚಾಚಿದಳು.

"ಬಿಡೇ ಮಗಳೇ, ಕೈ ಸುಟ್ಟೀತು!"

ಹುಡುಗಿಯ ಕೈ ಗಾಳಿಯಲ್ಲೇ ನಿಂತಿತು.

"ಸುಡಳಿಳ್ಳ ಅತ್ತೆ. ಮುಟ್ಟಳೇ ಇಳ್ಳ," ಎಂದಳು.

ದಪ್ಪ ದನಿ, ತುಸು ಒರಟು, ತುಂಬಿದ ಹರವಿಯನ್ನು ತಟ್ಟಿದ ಹಾಗೆ. ಕರೆಯವ್ವನ ಕೈಯಿಂದ ಹಿಟ್ಟಿನ ಉಂಡೆ ಜಾರಿ ಬಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಕೇಳಿಸ್ತಾ?" ಎಂದಳು ಹುಡುಗಿ.

"ಕೇಳಿಸ್ತು."

"ನಿಜವಾಗಳೂ?"

"ಹೂಂ ಕಣೇ."

"ಅಯ್ಯೋ, ಹಾಗಾದರೆ ಇಷ್ಟು ದಿನ ಹೇಳಿದ್ದೆಳ್ಳಾ ಮತ್ತೆ ಮೊದಳಿಂದ ಹೇಳಬೇಕಾ?"

ಕರೆಯವ್ವ ಅವಳ ಹತ್ತಿರ ಸರಿದು ಕುಳಿತಳು. ಆ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ನಿಜಕ್ಕೂ ಸುಟ್ಟಿರಲಿಲ್ಲ. ಏನು ಕೇಳಬೇಕೋ ತಿಳಿಯದೆ ಮೊದಲು ಬಾಯಿಗೆ ಬಂದದ್ದನ್ನೇ ಕೇಳಿದಳು: "ಆವತ್ತು ಊಟಕ್ಕೆ ಕೂತಾಗ ಏನು ಹೇಳಿ ನನ್ನ ಮಗನ್ನ ಹಾಗೆ ನಗಿಸಿದೆ?"

"ಗೋಡೆ ಮೇಳೆ ಹಳ್ಳಿ ಓಡ್ತಿದೆ, ಬಾಳ ಇಳ್ಳ ಅಂದೆ."

"ಹಳ್ಳಿ ಓಡ್ತಿತ್ತಾ? ಗೋಡೆ ಮೇಲಾ? ಬಾಳ ಇಲ್ದೆ?" ಕರೆಯವ್ವನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಬಾಲ ಕಳೆದುಕೊಂಡ ಹಲ್ಲಿ ಕಣ್ಣಿಗೆ ಬಂತು, ಅದರ ಬೆನ್ನಿಗೇ ಗುಡಿ ಗೋಪುರ ಸಮೇತ ಗೋಡೆ ಏರಿ ಓಡುವ ಹಳ್ಳಿಯೂ ಬಂತು. ಅವಳು ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನೀರು ಬಂದ ಮೇಲೆ ಅದು ನಗುವಿನದೋ ಬೇರೆಯದೋ ಅವಳಿಗೇ ತಿಳಿಯಲಿಲ್ಲ. ಹುಡುಗಿಯ ನಾಡಿನ ಮಾತಿನಲ್ಲಿ ಇದ್ದ ಲಕಾರವೇ ಬೇರೆ. ಈ ಊರಿನ ಲಕಾರವೆಲ್ಲ ಅವಳ ಬಾಯಲ್ಲಿ ಳಕಾರವಾಗಿ ಹೊರಳುತ್ತಿತ್ತು.

ಆ ದಿನದಿಂದ ಅಡುಗೆಮನೆಯಲ್ಲಿ ಇಬ್ಬರ ಮಾತು. ಕಡಲು ಎಷ್ಟು ದೊಡ್ಡದು, ಹಾಯಿಗೆ ಎಂಥ ಹೊಲಿಗೆ, ತನ್ನವ್ವ ಗಂಜಿಗೆ ಏನು ಹಾಕುತ್ತಾಳೆ, ಹೊರಡುವಾಗ ತನ್ನಪ್ಪ ಎಷ್ಟು ದಿನ ಮುಖ ತಿರುಗಿಸಿಕೊಂಡಿದ್ದ. "ನಿಮ್ಮಪ್ಪನೂ ಒಪ್ಪಿರಲಿಲ್ವಾ?" ಎಂದಳು ಕರೆಯವ್ವ ಅಚ್ಚರಿಯಿಂದ. "ಹೇಗೆ ಒಪ್ತಾನೆ ಅತ್ತೆ? ನಿಮ್ಮ ಮಗ ಅವನ ಕಣ್ಣಿಗೆ ಬೇಯದ ರೊಟ್ಟಿ ಹಾಗೆ ಬೆಳ್ಳಗೆ ಕಂಡ," ಎಂದಳು ಹುಡುಗಿ. ತನ್ನ ಮಗನನ್ನು ಯಾರಾದರೂ ಒಪ್ಪದಿರಬಹುದು ಎಂಬುದು ಕರೆಯವ್ವನಿಗೆ ಆವರೆಗೆ ಹೊಳೆದಿರಲೇ ಇಲ್ಲ. ಅವಳು ಹರಳೆಣ್ಣೆ ತಂದು, ಆ ಸುರುಳಿ ಕೂದಲಿನೊಳಗೆ ಬೆರಳು ಇಳಿಸಿ, ಬುಡಕ್ಕೆಲ್ಲ ಎಣ್ಣೆ ತಿಕ್ಕುತ್ತ ತುಂಬಾ ಹೊತ್ತು ಯೋಚಿಸಿದಳು. ಎಣ್ಣೆ ತಿಕ್ಕಿ ಮುಗಿಯುವ ಹೊತ್ತಿಗೆ ನಿರ್ಧಾರವೂ ಮುಗಿದಿತ್ತು.

ಗಂಡನ ಬಳಿ ಹೋಗಿ ಹೇಳಿದಳು: "ರೀ, ಈ ಹುಣ್ಣಿಮೆಗೆ ಅವಳನ್ನ ಕಲ್ಲಿನ ಮೇಲಿಂದ ಕರೀತೀನಿ."

ಓದಿಸುವ ಅಯ್ಯ ಓಲೆಯಿಂದ ತಲೆಯೆತ್ತಲಿಲ್ಲ. "ಕರೆದರೆ ಹಿರಿಯರ ಕಟ್ಟೆಯ ಮೇಲೆ ನನಗೆ ಜಾಗ ಇರಲ್ಲ."

"ಆ ಜಾಗ ಎಷ್ಟು ಅಗಲ ಇದೆ?"

"ಎಷ್ಟಿದ್ದರೇನು? ನನ್ನಪ್ಪ ಕೂತ ಜಾಗ."

"ಒಂದು ಮೊಳ ಇರಬಹುದು. ಮನೆ ಅದಕ್ಕಿಂತ ದೊಡ್ಡದಿದೆ. ಅವಳು ಊರು ಬಿಟ್ಟರೆ ಮಗನೂ ಬಿಡ್ತಾನೆ. ಆಮೇಲೆ ಆ ಮೊಳದ ಮೇಲೆ ಕೂತು ಯಾರ ಸುದ್ದಿ ಹೇಳ್ತೀರಿ?"

"ನನ್ನ ಕಿವಿ ನನ್ನದು," ಎಂದ ಅಯ್ಯ. ಅಲ್ಲಿಗೆ ಮಾತು ನಿಂತಿತು.

ಸುದ್ದಿ ಹೊರಗೆ ಹೋಯಿತು. ಕಟ್ಟೆಯ ಯಜಮಾನ, ಊರಿನ ನ್ಯಾಯ ನೋಡುವ ಹಿರಿಯ, ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಮನೆಗೇ ಬಂದ. ಕರೆಯವ್ವ ಮಣೆ ಹಾಕಿ, ಬೆಲ್ಲ ನೀರು ಕೊಟ್ಟಳು.

"ಏನವ್ವಾ, ಅವಳನ್ನೂ ಕರೀತೀಯಂತೆ?"

"ಹೌದು ಯಜಮಾನ್ರೇ."

"ನಮ್ಮ ಬಣ್ಣ ಏನು, ಅವಳ ಬಣ್ಣ ಏನು?"

"ಇಷ್ಟು ವರ್ಷ ಆ ಕಲ್ಲಿನ ಮೇಲೆ ನಿಂತು ನಾನು ಬಣ್ಣಾನ ಕರೆದಿಲ್ಲ. ಸೊಸೆಯೇ ಬಾ ಅಂತ ಕರೆದಿದ್ದೀನಿ. ಇವಳೂ ಸೊಸೇನೇ."

"ಇವತ್ತು ಇವಳು. ನಾಳೆ ಇನ್ಯಾವ ಕಡಲಿಂದ ಇನ್ಯಾರು ಬರ್ತಾರೋ."

"ಬಂದರೆ ಅವರು ಹೇಳೋದೂ ಕೇಳಿಸುತ್ತೆ. ಕೇಳಿಸಿದರೆ ನಮ್ಮ ಕಿವಿ ಏನು ಸವೆದು ಹೋಗುತ್ತಾ?"

ಯಜಮಾನ ನೀರು ಕುಡಿದು ಲೋಟ ಕೆಳಗಿಟ್ಟ. "ಕರೆ ನಿನ್ನ ಮನೆಯ ಸ್ವತ್ತಲ್ಲವ್ವ."

"ಅಲ್ಲ. ಅದಕ್ಕೇ ಮನೆಯೊಳಗೆ ಕದ್ದು ಕರೆದು ಸುಮ್ಮನಾಗದೆ, ಊರಿನ ಎದುರಿಗೆ ಕರೀತಿದ್ದೀನಿ."

"ಹಾಗಾದರೆ ಅದೇ ನಿನ್ನ ಕೊನೆಯ ಕರೆ. ಆಮೇಲೆ ಆ ಕಲ್ಲು ಹತ್ತೋ ಹಾಗಿಲ್ಲ."

ಆ ಮಾತು ಅವಳ ಎದೆಗೆ ತಾಗಿತು. ಕಲ್ಲು ಅವಳ ಅತ್ತೆ ನಿಂತ ಕಲ್ಲು. ಅದರ ಮೇಲೆ ತನ್ನ ಹಿಮ್ಮಡಿಯ ಗುರುತೂ ಬಿದ್ದಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಆದರೂ ಅವಳು ತಲೆ ತಗ್ಗಿಸಲಿಲ್ಲ. "ಕೊನೆಯದಾದರೆ ಆಗಲಿ. ಬಾಯ್ತುಂಬಾ ಕರೆದು ಇಳೀತೀನಿ," ಎಂದಳು.

ಹುಣ್ಣಿಮೆಯ ಬೆಳಗಾಯಿತು. ಊರೆಲ್ಲ ಕರೆಗಲ್ಲಿನ ಮುಂದೆ ನೆರೆಯಿತು. ಕರೆಯವ್ವ ಮಡಿಯುಟ್ಟು ಕಲ್ಲು ಹತ್ತಿದಳು. ಮೊದಲು ಕುಂಬಾರರ ಮನೆಯ ಕೂಸನ್ನು ಕರೆದಳು. "ಬಂದ, ನಮ್ಮವನು" ಎಂದಿತು ಊರು. ಆಮೇಲೆ ಪಕ್ಕದ ಹಳ್ಳಿಯ ಹುಡುಗಿಯೊಬ್ಬಳನ್ನು ಕರೆದಳು. "ಬಂದಳು, ನಮ್ಮವಳು" ಎಂದಿತು ಊರು. ಆಮೇಲೆ ತೆಂಬೆಕಾ ಮುಂದೆ ಬಂದು ನಿಂತಳು. ಕೆಂಪು ಅಂಚಿನ ಸೀರೆ, ತಲೆಯಲ್ಲಿ ಹೂ. ಹೂವಾಡಗಿತ್ತಿ ಕೊಡಲಿಲ್ಲವೆಂದು ಮಗನೇ ಬೇಲಿಯಿಂದ ಕಿತ್ತು ತಂದ ಹೂ. ಕಟ್ಟೆಯ ಹಿರಿಯರು ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿ ನಿಂತರು. ಆ ಬೆನ್ನುಗಳ ಸಾಲಿನಲ್ಲಿ ತನ್ನ ಗಂಡನ ಬೆನ್ನೂ ಇರುವುದನ್ನು ಕರೆಯವ್ವ ಕಂಡಳು. ಕಂಡು, ಉಸಿರು ತುಂಬಿಕೊಂಡು, ಸೂರ್ಯನಿಗೆ ಮುಖ ಮಾಡಿದಳು.

"ಈ ಊರಿನ ಸೊಸೆಯೇ, ಬಾ!"

"ಓ!" ಎಂದಳು ತೆಂಬೆಕಾ.

ಹಡಗಿನಿಂದ ದಡಕ್ಕೆ ಕೂಗಿ ಬೆಳೆದವಳ ದನಿ ಅದು. ಬೇವಿನ ಮರದ ಕಾಗೆಗಳು ಎದ್ದು ಹಾರಿದವು. ಊರು "ಬಂದಳು" ಎನ್ನಲಿಲ್ಲ.

"ನಮಗೇನೂ ಕೇಳಿಸಲಿಲ್ಲ," ಎಂದ ಯಜಮಾನ, ಬೆನ್ನು ತಿರುಗಿಸಿಕೊಂಡೇ. "ಊರಿಗೆ ಕೇಳಿಸದಿದ್ದರೆ ಅದು ಕರೆಯಲ್ಲ. ಅವಳು ಹೊರಡಬೇಕು."

ಆದರೆ ಕರೆಯವ್ವ ಕಲ್ಲಿನ ಮೇಲಿದ್ದಳು, ಎಲ್ಲವೂ ಅವಳಿಗೆ ಕಾಣುತ್ತಿತ್ತು. "ಓ" ಎಂದಾಗ ಕುಂಬಾರರ ಕೂಸು ಬೆಚ್ಚಿ ಅಳಲು ಶುರುಮಾಡಿದ್ದು ಕಂಡಿತ್ತು. ಹೂವಾಡಗಿತ್ತಿಯ ಕೈ ತಾನಾಗಿ ಕಿವಿಗೆ ಹೋದದ್ದು ಕಂಡಿತ್ತು. ತಿರುಗಿದ ಬೆನ್ನುಗಳೆಲ್ಲ ಒಮ್ಮೆಗೇ ಅದುರಿದ್ದು ಕಂಡಿತ್ತು.

"ಕೇಳಿಸದಿದ್ದವರು ಈ ಕಲ್ಲು ಮುಟ್ಟಿ ಹೇಳಿ," ಎಂದಳು. "ಒಬ್ಬರು ಮುಟ್ಟಿ ಆಣೆ ಮಾಡಿದರೂ ಸಾಕು. ನಾನೇ ಅವಳ ಗಂಟು ಕಟ್ಟಿ, ಊರ ಗಡಿ ದಾಟಿಸಿ ಬರ್ತೀನಿ."

ಯಾರೂ ಬರಲಿಲ್ಲ. ತಮ್ಮ ಮಕ್ಕಳನ್ನು ಕರೆದ ಕಲ್ಲು ಅದು, ತಮ್ಮ ಹೆಂಡಿರನ್ನು ಕರೆದ ಕಲ್ಲು. ಅದನ್ನು ಮುಟ್ಟಿ ಸುಳ್ಳು ಹೇಳುವ ಎದೆ ಯಾರಿಗೂ ಇರಲಿಲ್ಲ. ಯಜಮಾನ ಕಲ್ಲಿನ ಕಡೆ ತಿರುಗಿ ಒಂದು ಹೆಜ್ಜೆ ಇಟ್ಟ, ನಿಂತ, ವಲ್ಲಿ ಸರಿಮಾಡಿಕೊಂಡ. "ಬಿಸಿಲೇರಿತು, ಇವತ್ತಿಗೆ ಸಾಕು," ಎಂದು ಊರೊಳಗೆ ನಡೆದ. ಒಬ್ಬೊಬ್ಬರಾಗಿ ಎಲ್ಲರೂ ನಡೆದರು. ಕರೆಯವ್ವ ಕಲ್ಲಿನಿಂದ ಇಳಿದಳು. ತೆಂಬೆಕಾ ಕೈ ಹಿಡಿದುಕೊಂಡಳು.

"ಈಗೇನು ಅತ್ತೆ?"

"ಎಲ್ಲರಿಗೂ ಕೇಳಿಸಿದೆ ಮಗಳೇ. ಒಪ್ಪಿಕೊಳ್ಳೋದಷ್ಟೇ ಬಾಕಿ. ನೀನು ಮಾತಾಡು. ಸಿಕ್ಕವರ ಜೊತೆಯೆಲ್ಲ ಮಾತಾಡು."

ಅದು ತೆಂಬೆಕಾಗೆ ಕಷ್ಟದ ಕೆಲಸವಾಗಿರಲಿಲ್ಲ. ಬೀದಿಗೆ ಇಳಿದರೆ ಸಾಕು, "ಅಜ್ಜಿ, ಮೊಣಕಾಳು ನೋವು ಹೇಗಿದೆ?" "ಅಕ್ಕಾ, ಸೀರೆ ಎಳ್ಳಿಂದ ತಂದ್ರಿ?" "ಭಾವ, ಎತ್ತು ಯಾಕೆ ಕುಂಟ್ತಿದೆ?" ಎನ್ನುತ್ತ ಹೋಗುತ್ತಿದ್ದಳು. ಊರು ಕೇಳದವರಂತೆ ಮುಖ ಮಾಡುತ್ತಿತ್ತು. ಕೇಳದವರಂತೆ ಇರುವುದು ಕೇಳುವುದಕ್ಕಿಂತ ದಣಿವಿನ ಕೆಲಸ. ಮುಖ ಬಿಗಿಯಬೇಕು, ಕಣ್ಣು ಕದಲಬಾರದು, ನಗು ಬಂದರೆ ಕೆಮ್ಮಬೇಕು. ಆ ಚಳಿಗಾಲ ಊರಿಗೆಲ್ಲ ಕೆಮ್ಮು ಬಂದಿತ್ತು. ಮೊದಲು ಸೋತವಳು ಮೊಣಕಾಲು ನೋವಿನ ಅಜ್ಜಿ. ದಿನವೂ ಕೇಳುವವರು ಬೇರೆ ಯಾರೂ ಇರಲಿಲ್ಲ. "ಹಾಗೇ ಇದೆ ಕಣವ್ವ, ಚಳಿಗೆ ಜಾಸ್ತಿ," ಎಂದುಬಿಟ್ಟಳು. ಅಂದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆದರೆ ಮಾತು ಆಡಿಯಾಗಿತ್ತು.

ಮನೆಯಲ್ಲಿ ಓದಿಸುವ ಅಯ್ಯ ಮಾತ್ರ ಕಲ್ಲಿನ ಹಾಗೆ ಕುಳಿತಿದ್ದ. ತೆಂಬೆಕಾ ಬೆಳಗ್ಗೆ ಜಗಲಿಗೆ ಹಾಲಿನ ಲೋಟ ತಂದು ಇಡುತ್ತಿದ್ದಳು.

"ಮಾವ, ಹಾಳು ತಂದಿದ್ದೀನಿ."

ಅಯ್ಯನ ದವಡೆ ಬಿಗಿಯುತ್ತಿತ್ತು. ಊರಿನ ಮಕ್ಕಳಿಗೆಲ್ಲ ಒಂದೊಂದು ಅಕ್ಷರವನ್ನೂ ತಿದ್ದಿ ತೀಡಿ ಕಲಿಸಿದ ಕಿವಿ ಅದು. ಅವನು ಗೋಡೆ ನೋಡುತ್ತಿದ್ದ. ಮರುದಿನ, "ಮಾವ, ಹಾಳು ಬಿಸಿಯಿದೆ." ಅವನು ಚಾವಣಿ ನೋಡುತ್ತಿದ್ದ. ಅದರ ಮರುದಿನ, "ಮಾವ, ನಿಮಗೆ ಎಷ್ಟು ಹಾಳು ಬೇಕೋ ಅಷ್ಟು ಇದೆ, ನಾಚ್ಕೋಬೇಡಿ." ಮಗ್ಗಿ ಹೇಳುತ್ತಿದ್ದ ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು. ಅಯ್ಯ ಕಣ್ಣು ಮುಚ್ಚಿಕೊಂಡ.

ಒಂದು ಬೆಳಗ್ಗೆ ಹಸು ಎಂದಿಗಿಂತ ಹೆಚ್ಚು ಹಾಲು ಕೊಟ್ಟಿತ್ತು. ತೆಂಬೆಕಾ ತುಂಬಿದ ತಂಬಿಗೆಯನ್ನೇ ತಂದು, ಸಂತೋಷದಿಂದ, ಬೀದಿಗೆ ಕೇಳುವಂತೆ ಹೇಳಿದಳು: "ಮಾವ, ಇವತ್ತು ಮನೆಯಳ್ಳಿ ಎಳ್ಳಾ ಕಡೆ ಹಾಳೇ ಹಾಳು!"

"ಹಾಳಲ್ಲವೇ ತಾಯಿ, ಹಾಲು!" ಅಯ್ಯ ಮಣೆಯಿಂದ ಎದ್ದೇಬಿಟ್ಟ. "ಹಾ... ಲು! ನಾಲಿಗೆ ಹಲ್ಲಿನ ಹಿಂದೆ ತಾಗಬೇಕು, ಮೇಲಕ್ಕೆ ಸುರುಳಿ ಸುತ್ತಬಾರದು. ಮನೆ ತುಂಬಾ ಹಾಳು ಅಂತ ಕೂಗ್ತೀಯಲ್ಲ, ಕೇಳಿದವರು ಏನೆಂದುಕೊಳ್ತಾರೆ?"

ಮಗ್ಗಿ ನಿಂತಿತು. ಬಾಗಿಲ ಹಿಂದೆ ಕರೆಯವ್ವ ಉಸಿರು ಹಿಡಿದು ನಿಂತಳು. ಅಯ್ಯ ತಾನೇನು ಮಾಡಿದೆನೆಂದು ತಿಳಿದು ಹಾಗೆಯೇ ನಿಂತಿದ್ದ. ಎತ್ತಿದ ಬೆರಳನ್ನು ಎಲ್ಲಿಡುವುದೆಂದು ಗೊತ್ತಾಗದೆ ನಿಂತಿದ್ದ.

"ಹಾಳು," ಎಂದಳು ತೆಂಬೆಕಾ, ವಿಧೇಯಳಾಗಿ.

ಅಯ್ಯ ಕುಳಿತ. ನಿಟ್ಟುಸಿರು ಬಿಟ್ಟ. "ಬಾ ಇಲ್ಲಿ, ಕೂತ್ಕೋ," ಎಂದ. "ನನ್ನ ಬಾಯಿ ನೋಡು. ಲ."

"ಳ."

"ಲ!"

ಆ ದಿನ ಮಕ್ಕಳಿಗೆ ಪಾಠವಾಗಲಿಲ್ಲ. ಹಾಲು ಆರಿ ಕೆನೆ ಕಟ್ಟಿತು. ಮಧ್ಯಾಹ್ನದ ಹೊತ್ತಿಗೆ "ಹಾಲು" ಒಂದು ಸರಿಯಾಯಿತು, ಉಳಿದ ಲಕಾರಗಳು ಹಾಗೆಯೇ ಉಳಿದವು. ಆಮೇಲೆ ತೆಂಬೆಕಾ, "ನಮ್ಮ ಕಡೆ ಒಂದು ಸದ್ದಿದೆ ಮಾವ, ನೀವು ಹೇಳಿ ನೋಡೋಣ," ಎಂದು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಟಕ್ ಎನಿಸಿದಳು. ಅಯ್ಯನಿಗೆ ಬರಲಿಲ್ಲ. ಮಕ್ಕಳಿಗೆಲ್ಲ ಬಂತು, ಅವನಿಗೆ ಬರಲಿಲ್ಲ. ಸಂಜೆ ಹಿತ್ತಲಿನ ಬೇವಿನ ಕೆಳಗೆ ಒಬ್ಬನೇ ನಿಂತು ಟಕ್ ಟಕ್ ಎಂದು ನಾಲಿಗೆ ಬಡಿಯುತ್ತಿದ್ದ ಗಂಡನನ್ನು ಕರೆಯವ್ವ ಕಂಡಳು. ಕಾಣದವಳ ಹಾಗೆ ಒಳಗೆ ಹೋದಳು.

ಕಟ್ಟೆಯ ಮೇಲೆ ಹಿರಿಯನೊಬ್ಬ ಕೇಳಿದನಂತೆ: "ಏನಯ್ಯಾ, ಬೆಳಗ್ಗೆ ಯಾರ ಮೇಲೆ ರೇಗ್ತಿದ್ದೆ?"

"ನನ್ನ ಸೊಸೆ ಮೇಲೆ," ಎಂದನಂತೆ ಅಯ್ಯ. "ಲಕಾರ ಬರಲ್ಲ ಅವಳಿಗೆ. ಕಲಿಸ್ತಿದ್ದೀನಿ."

ಒಬ್ಬ ಎದ್ದು ದೂರ ಹೋಗಿ ಕುಳಿತ. ಮಿಕ್ಕವರು ಕುಳಿತಲ್ಲೇ ಇದ್ದರು. ಯಜಮಾನ ಏನೂ ಹೇಳಲಿಲ್ಲ.

ಯಜಮಾನ ಚಳಿಗಾಲ ಕಳೆದರೂ ಹೇಳಲಿಲ್ಲ. ಮಾವು ಹೂಬಿಟ್ಟರೂ ಹೇಳಲಿಲ್ಲ. ದಾರಿಯಲ್ಲಿ ತೆಂಬೆಕಾ ಸಿಕ್ಕರೆ ಅವನ ಕಣ್ಣು ಅವಳನ್ನು ದಾಟಿ ಆಚೆಯ ಗುಡ್ಡ ನೋಡುತ್ತಿತ್ತು. ಕರೆಗಲ್ಲು ಖಾಲಿಯಾಗಿಯೇ ಇತ್ತು. ಕರೆಯವ್ವ ಅದರ ಪಕ್ಕದಲ್ಲಿ ನಡೆದುಹೋಗುವಾಗ ಒಂದು ಗಳಿಗೆ ನಿಲ್ಲುತ್ತಿದ್ದಳು, ಮುಂದೆ ನಡೆಯುತ್ತಿದ್ದಳು.

ಬೇಸಿಗೆ ಬಂತು, ಬಾವಿಯ ನೀರು ಇಳಿಯಿತು. ಒಂದು ಬೆಳಗ್ಗೆ ಕರೆಯವ್ವ ಕೊಡ ಹಿಡಿದು ಬಾವಿಯತ್ತ ಬರುತ್ತಿದ್ದಾಗ ದೂರದಿಂದಲೇ ಗದ್ದಲ ಕೇಳಿತು.

"ನಾನು ಮೊದಳು ಬಂದಿದ್ದು! ನನ್ನ ಕೊಡ ತಳ್ಳಿದ್ದು ಯಾಕೆ?"

"ಯಾರೇ ಮೊದಲು ಬಂದಿದ್ದು? ಕೊಡ ಇಟ್ಟು ಹರಟೆ ಹೊಡೆಯೋಕೆ ಹೋದವಳಿಗೆ ಸರದಿ ಬೇರೆ ಕೇಡು!" ಅದು ಹೂವಾಡಗಿತ್ತಿಯ ದನಿ. "ಬೆಳಗಾದರೆ ಬಾಯಿ, ಬೈಗಾದರೆ ಬಾಯಿ! ನಿನ್ನ ಮಾತಿಗೆ ಬಾವಿ ನೀರೂ ಬತ್ತಿಹೋಯ್ತು!"

"ನನ್ನ ಬಾಯಿ ನಿಮಗ್ಯಾಕೆ? ನಿಮ್ಮ ಕೊಡ ತೂತು, ಅದಕ್ಕೇ ಊರಿನ ನೀರೆಳ್ಳಾ ನಿಮಗೇ ಬೇಕು!"

"ನೋಡ್ರೇ, ನೋಡ್ರೇ ಇವಳ ನಾಲಿಗೆ!"

ಎದುರಿಗೆ ಓಡಿಬಂದ ನೆರೆಯವಳೊಬ್ಬಳು, "ಕರೆಯವ್ವಾ, ಬೇಗ ಬಾ, ನಿನ್ನ ಸೊಸೆ ಜಗಳಕ್ಕೆ ನಿಂತಿದ್ದಾಳೆ, ಬಿಡಿಸು," ಎಂದಳು.

"ಇರು," ಎಂದಳು ಕರೆಯವ್ವ. ಕೊಡ ಕೆಳಗಿಟ್ಟು, ಹುಣಸೆ ಮರದ ನೆರಳಿನಲ್ಲಿ ಆರಾಮವಾಗಿ ಒರಗಿ ನಿಂತಳು. ಹೂವಾಡಗಿತ್ತಿ ಮುಖ ಕೆಂಪಗೆ ಮಾಡಿಕೊಂಡು ಕೂಗುತ್ತಿದ್ದಳು. ಒಂದೊಂದು ಮಾತಿಗೂ ಎದುರು ಮಾತು, ಒಂದನ್ನೂ ಬಿಡದೆ. "ಚೆನ್ನಾಗಿ ನಡೀತಿದೆ. ಯಾಕೆ ಬಿಡಿಸಬೇಕು?" ಎಂದಳು ಕರೆಯವ್ವ.

ಅಷ್ಟರಲ್ಲಿ ಯಜಮಾನ ಹೊಲದ ಕಡೆಯಿಂದ ಬಂದ. ಬಾವಿಯ ಜಗಳ ಅವನ ಕಿವಿಗೆ ಬಿದ್ದರೆ ಅಲ್ಲೇ ನಿಂತು ತೀರಿಸಬೇಕು. ಎರಡೂ ಕಡೆಯ ಮಾತು ಕೇಳದೆ ತೀರಿಸುವಂತಿಲ್ಲ. ಅವನು ಊರುಗೋಲನ್ನು ನೆಲಕ್ಕೆ ಕುಟ್ಟಿದ. ಗದ್ದಲ ಅಡಗಿತು.

"ಏನದು? ನೀನು ಹೇಳು," ಎಂದು ಹೂವಾಡಗಿತ್ತಿಯ ಕಡೆ ತಿರುಗಿದ.

ಹೂವಾಡಗಿತ್ತಿ ಸರದಿಯ ಕಥೆ, ಕೊಡದ ಕಥೆ, ತೂತಿನ ಕಥೆ ಎಲ್ಲ ಹೇಳಿದಳು. "ಎಂಥ ಮಾತಾಡಿದಳು ಅಂತ ಅವಳನ್ನೇ ಕೇಳಿ," ಎಂದು ಮುಗಿಸಿದಳು.

ರಾಟೆಯ ಮೇಲೆ ಹಗ್ಗ ನೀರು ತೊಟ್ಟಿಕ್ಕಿಸುತ್ತ ನಿಂತಿತ್ತು. ಹೆಂಗಸರೆಲ್ಲ ಯಜಮಾನನ ಮುಖ ನೋಡಿದರು. ಯಜಮಾನ ಆಕಾಶ ನೋಡಿದ. ಗುಡ್ಡ ನೋಡಿದ. ಗಂಟಲು ಸರಿಮಾಡಿಕೊಂಡ. ನ್ಯಾಯ ಅರ್ಧಕ್ಕೆ ನಿಂತಿತ್ತು, ಅರ್ಧ ನ್ಯಾಯ ಹೇಳಿ ಎದ್ದವನೆಂದು ಅವನು ಎಂದೂ ಹೆಸರು ಕೆಡಿಸಿಕೊಂಡಿರಲಿಲ್ಲ. ಕಡೆಗೆ ಅವನ ಕಣ್ಣು ಗುಡ್ಡದಿಂದ ಇಳಿದು ಬಂತು.

"ನೀನು ಹೇಳಮ್ಮ," ಎಂದ.

ತೆಂಬೆಕಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೇಳ್ತೀನಿ ಮಾವ," ಎಂದಳು. "ನೀವು ಕೂತ್ಕೊಳ್ಳಿ. ಸ್ವಳ್ಪ ಉದ್ದ ಇದೆ."

ಯಜಮಾನ ವಲ್ಲಿಯಿಂದ ಬಾವಿಯ ಕಟ್ಟೆ ಒರೆಸಿ ಕುಳಿತ.